ಐದು ಕೊಳವೆಗಳ ಬಿಡುಗಡೆ

ತಪ್ಪೆಲ್ಲ ಪೊಲಿಕಾರ್ಪ್ ಝಿಯೆಮ್‌ನ ನಾಲಗೆಯದು. ಬೆಳಗಿನ ಏಳೂವರೆಗೆ ಬಸ್ ನಿಲ್ದಾಣದ ಎದುರು ನಿಂತು ಶುಂಠಿ ಹಾಕಿದ ಸಜ್ಜೆ ಗಂಜಿ ಕುಡಿಯುತ್ತಿದ್ದಾಗ, ಪಾರ್ಸೆಲ್ ಕೋಣೆಯ ಅಯಾಮ್ಗಾ ಎದುರಾದ. ಸುಮ್ಮನೆ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪೊಲಿಕಾರ್ಪ್ ದಗಾಬಾ ಕುಲದವನು, ಅಯಾಮ್ಗಾ ಫ್ರಾಫ್ರಾ ಕುಲದವನು. ಇಬ್ಬರು ಎದುರುಬದುರಾಗಿ ಸುಮ್ಮನಿರುವುದೆಂದರೆ ಜನವರಿಯ ಮರುಭೂಮಿ ಗಾಳಿ ಧೂಳಿಲ್ಲದೆ ಬಂದಂತೆ.

ಅಜ್ಜಂದಿರ ಅಜ್ಜಂದಿರ ಕಾಲದಿಂದ ಈ ಎರಡು ಕುಲಗಳಿಗೆ ಹಾಸ್ಯದ ನಂಟು. ಒಬ್ಬರು ಇನ್ನೊಬ್ಬರನ್ನು ಗುಲಾಮರೆಂದು ಕರೆಯಬಹುದು. ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಬಿಡುಗಡೆಗೆ ಕಪ್ಪ ಕೇಳಬಹುದು. ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತೇ ಅಣಕಿಸಬಹುದು. ಕಟ್ಟಳೆ ಒಂದೇ, ಕೋಪ ಮಾಡಿಕೊಳ್ಳಕೂಡದು. ಮಾಡಿಕೊಂಡವನು ಕಪ್ಪವನ್ನು ಇಮ್ಮಡಿಯಾಗಿ ತೆರಬೇಕು.

“ಏನೋ ಗುಲಾಮ, ಇವತ್ತು ಇಸ್ತ್ರಿ ಅಂಗಿ! ನಿನ್ನ ಮಾರೋಕೆ ಯಾರಾದ್ರೂ ಸಂತೆಗೆ ಕರ್ಕೊಂಡು ಹೋಗ್ತಿದಾರಾ?” ಎಂದ ಅಯಾಮ್ಗಾ.

“ನಾನೇ ಒಬ್ಬ ಗುಲಾಮನ್ನ ಕೊಳ್ಳೋಣ ಅಂತ ಹೊರಟಿದ್ದೆ. ಆದ್ರೆ ನಿನ್ನ ತೂಕಕ್ಕೆ ಹಾಕಿದ್ರೆ ನಾಯಿ ತಲೆಗಿಂತ ಕಮ್ಮಿ ಬರ್ತೀಯ. ಬೇಡ ಬಿಡು!”

ಗಂಜಿ ಕುಡಿಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಯಾಮ್ಗಾನೂ ನಕ್ಕ. ಆದರೆ ಆ ನಗೆಯ ತುದಿಯಲ್ಲಿ ಚಾಕು ಮಡಿಸಿದಂಥ ಒಂದು ಸಣ್ಣ ಸದ್ದಿತ್ತು.

ಪೊಲಿಕಾರ್ಪ್‌ಗೆ ಹೊಳೆದದ್ದು ಆಮೇಲೆ. ರಾಜಧಾನಿಯಿಂದ ಬೆಳಗಿನ ಎಂಟಕ್ಕೆ ತಲುಪುವ ಬಸ್ಸಿನಲ್ಲಿ ಬರುವ ನೀಲಿ ಪೆಟ್ಟಿಗೆ ಇಳಿಯುವುದು ಅದೇ ಪಾರ್ಸೆಲ್ ಕೋಣೆಯಲ್ಲಿ!

ಅದು ಅಂತಿಂಥ ಪೆಟ್ಟಿಗೆಯಲ್ಲ. ಅದರಲ್ಲಿ ಐದು ಕೊಳವೆಗಳು. ಕೊಳವೆಗಳಲ್ಲಿ ರಕ್ತದ ತಿಳಿ. ಕೆಲವುದರಲ್ಲಿ ಹಳದಿ ಜ್ವರದ ಗುರುತಿದೆ, ಕೆಲವುದರಲ್ಲಿಲ್ಲ. ಯಾವುದರಲ್ಲಿದೆ ಎಂಬುದು ಕಳಿಸಿದವರಿಗೆ ಮಾತ್ರ ಗೊತ್ತು. ಸಂಜೆ ಐದರೊಳಗೆ ಐದಕ್ಕೂ ಸರಿಯುತ್ತರ ಹೇಳಿದರೆ ಪೊಲಿಕಾರ್ಪ್ ಕೆಲಸ ಮಾಡುವ ಈ ಊರಿನ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಮಾನ್ಯತೆ. ಆಮೇಲೆ ಜ್ವರದವರ ರಕ್ತ ರಾಜಧಾನಿಗೆ ಹೋಗಬೇಕಿಲ್ಲ, ಪೊಲಿಕಾರ್ಪ್‌ನೇ ಇಲ್ಲಿ ಪರೀಕ್ಷಿಸಬಹುದು. ಹನ್ನೊಂದು ವರ್ಷಗಳಿಂದ, ತಿಂಗಳಿಗೆರಡು ಬಾರಿ, ಅಂಥದೇ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಕುಲುಕಾಡುತ್ತ ಹೋಗಿ ಬಂದವನು ಅವನು. ಆ ದಾರಿಯ ಒಂದೊಂದು ಗುಂಡಿಯೂ ಅವನ ಬೆನ್ನುಹುರಿಯಲ್ಲಿ ತನ್ನ ಹೆಸರು ಕೆತ್ತಿಟ್ಟಿತ್ತು. ಇಸ್ತ್ರಿ ಅಂಗಿ ತೊಟ್ಟದ್ದು ಆ ದಾರಿಗೆ ವಿದಾಯ ಹೇಳಲೆಂದೇ.

ಪರೀಕ್ಷೆಗೆ ಮೂರೂವರೆ ಗಂಟೆ ಬೇಕು. ಅಂದರೆ ಒಂದೂವರೆಯೊಳಗೆ ಪೆಟ್ಟಿಗೆ ಕೈಸೇರಬೇಕು. ಅದಕ್ಕೂ ಮೊದಲು ಒಳಗಿನ ಐಸು ಕರಗಕೂಡದು.

ಎಂಟೂವರೆಗೆ ಅವನು ಪಾರ್ಸೆಲ್ ಕೋಣೆಗೆ ಹೋದಾಗ ಅಯಾಮ್ಗಾ ಕುರ್ಚಿಯಲ್ಲಿ ಅರಸನಂತೆ ಒರಗಿದ್ದ.

“ಪೆಟ್ಟಿಗೆ ಬಂದಿದೆ. ಆದ್ರೆ ಸೆರೆಯಲ್ಲಿದೆ.”

“ಅಯಾಮ್ಗಾ, ಇದು ಆಸ್ಪತ್ರೆ ಕೆಲ್ಸ ಕಣೋ.”

“ಮುಖ ಗಂಟಾಯ್ತಲ್ಲ, ಕೋಪಾನಾ? ಕೋಪ ಆದ್ರೆ ಇಮ್ಮಡಿ!”

“ಕೋಪಾನಾ? ನನಗಾ?” ಪೊಲಿಕಾರ್ಪ್ ಹಲ್ಲು ಕಿರಿದ. ಹಲ್ಲು ಕೀಳಿಸಿಕೊಳ್ಳಲು ಕುಳಿತವನ ಬಾಯಂತಿತ್ತು ಆ ನಗೆ. “ಏನು ಬೇಕು ಹೇಳು, ಮಹಾರಾಜ.”

“ಆ ಟೈರಿನ ಮೇಲೆ ಹತ್ತು. ದಗಾಬಾ ಜನ ಎಲ್ಲಾ ನಮ್ಮ ಗುಲಾಮರು ಅಂತ ಮೂರು ಸಲ ಕೂಗು.”

ಪೊಲಿಕಾರ್ಪ್ ಲಾರಿಯ ಹಳೆಯ ಟೈರೊಂದನ್ನು ಹತ್ತಿ, ಕಣ್ಣು ಮುಚ್ಚಿ ಕೂಗಿದ. ಒಂದನೆಯ ಕೂಗಿಗೆ ನಿಲ್ದಾಣ ತಿರುಗಿ ನೋಡಿತು. ಎರಡನೆಯದಕ್ಕೆ ಚಪ್ಪಾಳೆ ಬಿತ್ತು. ಮೂರನೆಯದು ಬಾಯಿಂದ ಹೊರಬೀಳುವ ಮೊದಲೇ ಜೋಳದ ಬಿಯರ್ ಕಾಸುವ ದೊಮಿತಿಲ್ಲಾ ಸೌಟು ಹಿಡಿದು ನುಗ್ಗಿ ಬಂದಳು. ದಗಾಬಾ ಹೆಂಗಸು, ಅವನ ನೆರೆಮನೆಯವಳು.

“ಇಳಿಯೋ ಕೆಳಗೆ! ನನ್ನನ್ನ ಮಾರೋಕೆ ನೀನ್ಯಾರೋ? ನನ್ನ ಗಂಡನ್ನ ಕೇಳಿದ್ಯಾ? ನಮ್ಮಪ್ಪನ್ನ ಕೇಳಿದ್ಯಾ?”

“ಅಮ್ಮಾ, ಹಳದಿ ಜ್ವರ...”

“ನಿನ್ನ ತಲೆಗೇ ಏರಿದೆ ಆ ಜ್ವರ! ಮೊದ್ಲು ಮಾತು ವಾಪಸ್ ತಗೋ.”

ಅವಳ ಹಿಂದೆ ಹನ್ನೆರಡು ಮಂದಿ ದಗಾಬಾ ಗಿರಾಕಿಗಳು ಬಿಯರ್ ತುಂಬಿದ ಸೋರೆ ಬುರುಡೆಗಳನ್ನು ಹಿಡಿದೇ ಬಂದು ನಿಂತರು. ಪೊಲಿಕಾರ್ಪ್ ಅದೇ ಟೈರಿನ ಮೇಲೆ ನಿಂತು ಎರಡು ಕೂಗನ್ನೂ ಹಿಂತೆಗೆದುಕೊಂಡ. ಕೂಡಲೇ ಅಯಾಮ್ಗಾ, “ಹಾಗಾದ್ರೆ ಒಪ್ಪಂದ ಮುರೀತು. ಈಗ ಗಿನಿಕೋಳಿ ಬೇಕು, ಜೀವಂತವಾಗಿರೋದು” ಎಂದ. ಈ ರಂಪವೆಲ್ಲ ಮುಗಿಯುವಷ್ಟರಲ್ಲಿ ಗಂಟೆ ಹತ್ತೂಮುಕ್ಕಾಲಾಗಿತ್ತು.

ಕುಲದ ಮಾನ ಉಳಿಯಿತೆಂಬ ಸಂತೋಷದಲ್ಲಿ ದೊಮಿತಿಲ್ಲಾಳೇ ತನ್ನ ಗಿನಿಕೋಳಿಯನ್ನು ಕೊಟ್ಟಳು. “ಕಾಲು ಬಿಗಿಯಾಗಿ ಹಿಡ್ಕೋ. ಅದಕ್ಕೆ ನಿನಗಿಂತ ಬುದ್ಧಿ ಜಾಸ್ತಿ” ಎಂದೂ ಎಚ್ಚರಿಸಿದಳು. ನಿಲ್ದಾಣದ ನಡುಮಧ್ಯದಲ್ಲಿ ಕೋಳಿ ಅದನ್ನು ರುಜುವಾತುಪಡಿಸಿತು. ಒಮ್ಮೆ ಕೊಸರಿ, ಅವನ ಇಸ್ತ್ರಿ ಅಂಗಿಯ ಮೇಲೆ ತನ್ನ ಅಭಿಪ್ರಾಯವನ್ನು ದಾಖಲಿಸಿ, ಹೊರಡಲಿದ್ದ ಬಸ್ಸಿನ ಕಿಟಕಿಯೊಳಗೆ ಹಾರಿತು. ಪೊಲಿಕಾರ್ಪ್ ಅದನ್ನು ಅಟ್ಟಿಕೊಂಡು ಬಸ್ಸು ಹತ್ತಿದ. ಬಸ್ಸಿನ ಒಂದು ಬಾಗಿಲಿನಿಂದ ಕೋಳಿ ಇಳಿಯಿತು. ಇನ್ನೊಂದರಿಂದ ಕಿರುಚುತ್ತ ಪ್ರಯಾಣಿಕರಿಳಿದರು. ಪೊಲಿಕಾರ್ಪ್ ಮಾತ್ರ ಒಳಗೆ ಉಳಿದ. ಚಾಲಕ ಹಿಂದೆ ತಿರುಗಿಯೂ ನೋಡದೆ ಬಸ್ಸು ಹೊರಡಿಸಿಯೇಬಿಟ್ಟ. ಬಾಗಿಲು ಬಡಿದು ಅಂಗಲಾಚಿ ಇಳಿದಾಗ ಅವನು ಊರಿನಿಂದ ಐದಾರು ಮೈಲಿ ಆಚೆ, ಒಂದು ದಪ್ಪಕಾಂಡದ ಬಾವೊಬಾಬ್ ಮರದಡಿಯಲ್ಲಿದ್ದ.

ಧೂಳಿನ ಆಚೆ ಸೂರ್ಯನು ನಿದ್ದೆಗಣ್ಣಿನ ಮುದುಕನಂತೆ ನೋಡುತ್ತಿದ್ದ. ಪೊಲಿಕಾರ್ಪ್ ನಡೆದೇ ಹಿಂತಿರುಗಿದ. ನಿಲ್ದಾಣ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಈ ಸಲ ಅವನು ಚೌಕಾಸಿ ಮಾಡಲಿಲ್ಲ, ಹಲ್ಲು ಕಿರಿಯಲೂ ಇಲ್ಲ. ಪಾರ್ಸೆಲ್ ಕೋಣೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

“ಅಯಾಮ್ಗಾ, ನನ್ನ ಜನ್ಮಪೂರ್ತಿ ಗುಲಾಮ ಅಂತ ಬೇಕಾದ್ರೆ ಬರ್ಕೋ. ಮೂರು ವರ್ಷದ ಹಿಂದೆ ಆ ಜ್ವರ ಬಂದಾಗ ರಾಜಧಾನಿಯಿಂದ ಉತ್ತರ ಬರೋಕೆ ಹತ್ತೊಂಬತ್ತು ದಿನ ಆಯ್ತು. ಲಸಿಕೆಯವರು ಬರೋ ಹೊತ್ತಿಗೆ ಹೊಳೆಯಾಚೆ ನಾಲ್ಕು ಮನೇಲಿ ಅಳು ಮುಗ್ದಿತ್ತು. ಆ ಪೆಟ್ಟಿಗೆ ಸಿಕ್ಕಿದ್ರೆ ಮುಂದೆ ಉತ್ತರ ಒಂದೇ ದಿನದಲ್ಲಿ ಬರುತ್ತೆ. ಅಷ್ಟೇ ಕಣೋ.”

ಅಯಾಮ್ಗಾ ಕುರ್ಚಿಯಿಂದ ದಡಕ್ಕನೆ ಎದ್ದ.

“ಅದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು, ಮಂಕೇ? ಆಸ್ಪತ್ರೆ ಕೆಲ್ಸ ಅಂದ್ರೆ ಅಲ್ಲಿಗೆ ಬರೋ ಬಿಷಪ್ಪರ ಹುಟ್ಟುಹಬ್ಬದ ಕೇಕು ಅಂದ್ಕೊಂಡಿದ್ದೆ!”

ಇಬ್ಬರೂ ಓಡಿದರು. ಮೀನು ಮಾರುವ ಹಾಜಿಯಾ ಮೆಮುನಾಳ ದೊಡ್ಡ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ, ಪುಡಿ ಐಸಿನ ನಡುವೆ, ಬಾಯಿ ತೆರೆದ ಮೀನುಗಳ ಕಾವಲಿನಲ್ಲಿ, ನೀಲಿ ಪೆಟ್ಟಿಗೆ ಗರ್ಭದ ಮಗುವಿನಷ್ಟು ನೆಮ್ಮದಿಯಿಂದ ಮಲಗಿತ್ತು.

“ಮೇಲೆ ಹಿಮದ ಚಿತ್ರ ಇತ್ತು. ಬಸ್ಸಿಂದ ಇಳಿಸಿದವನೇ ನೇರ ಇಲ್ಲಿಟ್ಟೆ. ಅಷ್ಟೂ ತಿಳಿಯಲ್ವಾ ನನಗೆ?” ಎಂದ ಅಯಾಮ್ಗಾ.

ಒಂದು ಇಪ್ಪತ್ತೈದಕ್ಕೆ ಪ್ರಯೋಗಾಲಯದ ತುಂಬ ಮೀನಿನ ವಾಸನೆ ಹರಡಿತು. ಪೊಲಿಕಾರ್ಪ್ ಕೆಲಸಕ್ಕೆ ಕುಳಿತ. ಹನಿ ಹನಿಯಾಗಿ ಅಳೆದ, ತೊಳೆದ, ಕಾದ. ನಾಲ್ಕು ಐವತ್ತಕ್ಕೆ ಪರೀಕ್ಷೆಯ ತಟ್ಟೆಯ ಎರಡು ಗುಳಿಗಳಲ್ಲಿ ಬಣ್ಣ ಮೂಡಿತು, ಅದೇ ಜ್ವರದ ಗುರುತು. ಮೂರು ತಿಳಿಯಾಗಿಯೇ ಉಳಿದವು. ಐದಕ್ಕೆ ಎರಡು ನಿಮಿಷವಿರುವಾಗ ಉತ್ತರ ರಾಜಧಾನಿಗೆ ಹೋಯಿತು.

ಐದೂವರೆಗೆ ಫೋನು ಬಂತು. ರಾಜಧಾನಿಯ ಡಾಕ್ಟರ್ ಅಮೆಡೋಫು.

“ಐದೂ ಸರಿ, ಮಿಸ್ಟರ್ ಝಿಯೆಮ್! ನಿಮ್ಮ ಪ್ರಯೋಗಾಲಯಕ್ಕೆ ಇವತ್ತಿನಿಂದಲೇ ಮಾನ್ಯತೆ.”

ಪೊಲಿಕಾರ್ಪ್‌ನ ಬೆನ್ನು ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನೆಟ್ಟಗಾಯಿತು. ಬಾಗಿಲಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದ ಅಯಾಮ್ಗಾನತ್ತ ಹೆಬ್ಬೆರಳೆತ್ತಿ ತೋರಿಸಿದ.

“ಇನ್ನೊಂದು ವಿಷಯ,” ಎಂದರು ಡಾಕ್ಟರ್. “ಪೆಟ್ಟಿಗೆಯ ತಳದಲ್ಲಿ ಶಾಖ ಅಳೆಯೋ ಒಂದು ಸಣ್ಣ ಯಂತ್ರ ಇಟ್ಟಿದ್ವಿ. ಕ್ಷಣಕ್ಷಣದ ಲೆಕ್ಕ ಇಲ್ಲಿಗೆ ಬರ್ತಿತ್ತು. ಇವತ್ತು ಇಂಥದೇ ಪೆಟ್ಟಿಗೆ ಕಳಿಸಿದ ಉಳಿದ ಎಂಟು ಊರುಗಳಲ್ಲಿ ಹತ್ತು ಗಂಟೆಗೇ ಐಸು ನೀರಾಯ್ತು. ನಿಮ್ಮದು ಮಾತ್ರ ಬಸ್ಸಿಂದ ಇಳಿದ ಘಳಿಗೆಯಿಂದ ಮೂರು ಡಿಗ್ರಿ. ಅಡ್ಡಗೆರೆ ಎಳೆದ ಹಾಗೆ! ಈ ದೇಶದಲ್ಲಿ ಹೀಗೆ ಯಾರೂ ಮಾಡಿದ್ದಿಲ್ಲ. ಹೇಗೆ ಸಾಧಿಸಿದ್ರಿ?”

ಪೊಲಿಕಾರ್ಪ್ ಬಾಯಿ ತೆರೆದ. ಸೆರೆ, ಕೋಳಿ, ಮೀನು, ಎಲ್ಲವೂ ನಾಲಗೆಯ ತುದಿಗೆ ಬಂದವು. ಹೇಳಿದರೆ ಆಗಷ್ಟೇ ದೊರೆತ ಮಾನ್ಯತೆ ಏನಾದೀತೋ!

“ಊರಿನವರ ಸಹಕಾರ, ಮೇಡಂ.”

“ನೋಡಿ, ಇಷ್ಟು ವಿನಯ! ಪರೀಕ್ಷೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಸೋಮವಾರ ನಿಮ್ಮ ಜಾಗಕ್ಕೆ ಒಬ್ಬರನ್ನು ಕಳಿಸ್ತೀನಿ. ಆದರೆ ಒಂಬತ್ತೂ ಊರಿನಲ್ಲಿ ಕಾಯಿಲೆ ಇದೆ ಅಂತ ಕಂಡ ರಕ್ತವನ್ನ ಇಲ್ಲಿ ಇನ್ನೊಮ್ಮೆ ನೋಡಿ ಖಚಿತ ಮಾಡ್ಬೇಕಲ್ಲ? ತಣ್ಣಗೆ ಹೊತ್ತು ತರೋರು ಒಬ್ಬರೂ ಇರಲಿಲ್ಲ. ಈಗ ನೀವು ಸಿಕ್ಕಿದ್ರಿ. ವಾರಕ್ಕೆರಡು ಸಲ ನೀವೇ ಬಸ್ಸಿನಲ್ಲಿ ಹೊತ್ತು ತರ್ಬೇಕು. ಆದೇಶಕ್ಕೆ ಈಗ ತಾನೇ ಸಹಿ ಹಾಕಿದೆ. ಅಭಿನಂದನೆಗಳು!”

ಡಾಕ್ಟರ್ ಫೋನಿಟ್ಟರು. ಕಿಟಕಿಯಾಚೆ ಧೂಳು ಕೆಂಪಾಗಿ ಇಳಿಯುತ್ತಿತ್ತು.

“ಏನಂತೆ? ಗೆದ್ಯಾ?” ಎಂದ ಅಯಾಮ್ಗಾ.

“ಗೆದ್ದೆ.”

“ಮತ್ಯಾಕೆ ಮುಖ ಹಿಂಗಾಯ್ತು?”

ಪೊಲಿಕಾರ್ಪ್ ಅವನ ಕೈಯಿಂದ ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡ. ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಆಮೇಲೆ ಕೇಳಿದ:

“ಮಂಗಳವಾರದ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತೆ?”