ರುಚಿ ನೋಡುವ ಪುಸ್ತಕ

"ಇದರೊಳಗೆ ನಾಲ್ಕು ಸಾವಿರ ಪುಸ್ತಕ ಇದೆ ಭಾವ" ಎಂದು ತ್ರಯಂಬಕ ಸ್ಲೇಟಿನಷ್ಟಗಲದ ಹಲಗೆಯೊಂದನ್ನು ಊಟದ ಮೇಜಿನ ಮೇಲಿಟ್ಟ. ಶೇಷಾಚಲಯ್ಯ ಮೊದಲು ಬಗ್ಗಿ ಮೇಜಿನ ಅಡಿಗೆ ನೋಡಿದರು.

ತುಮಕೂರಿನಲ್ಲಿ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೈದು ವರ್ಷ ಕಡತ ತಿರುವಿ ನಿವೃತ್ತರಾದವರು ಅವರು. ಯಾವುದನ್ನೂ ಹಿಂದುಮುಂದು ನೋಡದೆ ನಂಬಿದವರಲ್ಲ. ಅದರಲ್ಲೂ ಹೆಂಡತಿಯ ತಮ್ಮ ಮಾಡಿದ ಯಂತ್ರವನ್ನು ನಂಬುವುದುಂಟೇ! ಹೋದ ವರ್ಷ ಈ ತ್ರಯಂಬಕ ತಾನೇ ಮಡಚಿಕೊಳ್ಳುವ ಪಂಚೆ ಕಂಡುಹಿಡಿದಿದ್ದ. ಅದು ಶೇಷಾಚಲಯ್ಯ ಉಟ್ಟಿದ್ದಾಗಲೇ ಮಡಚಿಕೊಂಡಿತ್ತು, ಅದೂ ಬೀಗರ ಮನೆಯಲ್ಲಿ.

"ನಾಲ್ಕು ಸಾವಿರ ಪುಸ್ತಕಕ್ಕೆ ತೂಕ ಬೇಡವೇನಯ್ಯಾ?"

"ಅಕ್ಷರಕ್ಕೆ ಎಲ್ಲಿಯ ತೂಕ ಭಾವ. ಬೆರಳು ಸವರಿದ್ರೆ ಮುಂದಿನ ಪುಟ ಬರುತ್ತೆ. ಅಕ್ಷರ ಕಾಣದೇ ಇದ್ರೆ ದೊಡ್ಡದು ಮಾಡ್ಕೋಬಹುದು. ಕಣ್ಣು ನೋಯ್ತಾ ಇದ್ರೆ ಅದೇ ಓದಿ ಹೇಳುತ್ತೆ."

"ಓದಿ ಮುಗಿಸಿದ ಪುಟ ಎಲ್ಲಿಗೆ ಹೋಗುತ್ತೆ?"

"ಒಳಗೇ ಇರುತ್ತೆ."

"ನೀನು ನೋಡಿದೀಯಾ?"

ತ್ರಯಂಬಕ ನೋಡಿರಲಿಲ್ಲ. ಆದರೆ ಅವನ ಅಕ್ಕ ಕಾಮಾಕ್ಷಮ್ಮ ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದರು. "ಇನ್ನೇನು ಮತ್ತೆ. ಆ ಕಪಾಟಿನಲ್ಲಿರೋ ಧೂಳು ತಿನ್ನೋ ಪುಸ್ತಕ ಅಷ್ಟನ್ನೂ ಹಾಕಿಬಿಡೋಣ. ನಾಲ್ಕು ಗಂಟೆಗೆ ಬಾ ಅಂತ ರದ್ದಿಯವನಿಗೆ ಹೇಳಿದೀನಿ."

ಶೇಷಾಚಲಯ್ಯ ಥಟ್ಟನೆ ಕಪಾಟಿನ ಕಡೆ ತಿರುಗಿದರು. ಕಪಾಟಿನ ಎರಡನೇ ಅರೆಯಲ್ಲಿ ಹದಿನೇಳು ದಪ್ಪ ಕಾನೂನು ಸಂಪುಟಗಳು. ಅವುಗಳ ಹಿಂದೆ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ದೂದ್ ಪೇಡಾ. ಡಾಕ್ಟರು ಸಕ್ಕರೆ ಕಾಯಿಲೆ ಎಂದ ದಿನದಿಂದ ಕಾಮಾಕ್ಷಮ್ಮ ಮನೆಯಲ್ಲಿ ಬೆಲ್ಲದ ಚೂರನ್ನೂ ಉಳಿಸಿರಲಿಲ್ಲ. ಆಗ ಶುರುವಾದದ್ದು ಇವರ ಕಾನೂನು ಅಧ್ಯಯನ. ಬೆಳಿಗ್ಗೆ ಒಂದು ಪೇಡಾ, ಸಂಜೆ ಒಂದು. ಆ ಕಪಾಟು ಹೋದರೆ ಬದುಕಿನಲ್ಲಿ ಇನ್ನೇನು ಉಳಿಯಿತು?

"ಕಾಗದದ ಪುಸ್ತಕಕ್ಕೊಂದು ಘಮ ಇರುತ್ತೆ ಕಾಮಾಕ್ಷಿ. ಆ ಸುಖ ಈ ಹಲಗೆಗೆ ಎಲ್ಲಿಂದ ಬರ್ಬೇಕು" ಎಂದರು.

"ಘಮಾನೂ ಬರುತ್ತೆ ಭಾವ, ಅದೇ ನನ್ನ ಹೊಸತು!" ಎಂದು ತ್ರಯಂಬಕ ಹಿಗ್ಗಿದ. "ಮುಟ್ಟಿದವರ ಬೆರಳಿನ ರುಚಿ ಹಿಡಿಯುತ್ತೆ. ಅವರಿಗೆ ಒಗ್ಗೋ ಹಾಗೆ ಕತೇನ ತಾನೇ ಬದಲಾಯಿಸುತ್ತೆ. ಅಕ್ಕಾ, ಒಂದು ಪತ್ತೇದಾರಿ ತೆಗೆದಿದೀನಿ. ಬೆರಳಿಡು."

ಅಡುಗೆಮನೆಯಿಂದ ಬಂದ ಕೈ ಕಾಮಾಕ್ಷಮ್ಮನದು. ಹಲಗೆ ಗಂಭೀರವಾಗಿ ಓದಿತು: "ಬಂಗಲೆಯಲ್ಲಿ ಹೆಣ ಬಿದ್ದಿತ್ತು. ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿದ. ಒಳಗಿನಿಂದ ಇಂಗಿನ ಒಗ್ಗರಣೆ ಘಂ ಎಂದಿತು."

"ಪರವಾಗಿಲ್ವೇ" ಎಂದರು ಆಕೆ. "ನೀವೂ ಮುಟ್ಟಿ ನೋಡಿ."

ಶೇಷಾಚಲಯ್ಯ ಪೆನ್ನಿನ ಮುಚ್ಚಳದಿಂದ ಒತ್ತಿದರು. ಪುಟ ಕದಲಲಿಲ್ಲ. ಮೊಣಕೈ ಇಟ್ಟರು. ಅಲ್ಲಿ ನೋವಿನ ಎಣ್ಣೆ ಹಚ್ಚಿದ್ದರು. "ಇನ್‌ಸ್ಪೆಕ್ಟರಿಗೆ ಕೀಲು ಹಿಡಿದುಕೊಂಡಿತು. ಅಮ್ಮಾ ಎಂದು ಮೆಟ್ಟಿಲ ಮೇಲೆ ಕುಳಿತ."

"ಬೆರಳಿಟ್ರೆ ಏನಾಗುತ್ರೀ ನಿಮಗೆ?" ಕಾಮಾಕ್ಷಮ್ಮನ ಕಣ್ಣು ಸಣ್ಣಗಾಯಿತು.

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಶೇಷಾಚಲಯ್ಯ ತೋರುಬೆರಳು ಚಾಚಿದರು. ಆದರೆ ಮೂವತ್ತೈದು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಪುಟ ಎಂದರೆ ಸಾಕು, ಬೆರಳು ಮೊದಲು ನಾಲಿಗೆಗೆ ಹೋಗಿಯೇ ಬರಬೇಕು. ಹೋಯಿತು. ಬಂತು. ಹಲಗೆಗೆ ತಗುಲಿತು.

"ಇನ್‌ಸ್ಪೆಕ್ಟರ್ ಹೆಣದ ಬಾಯಿ ಮೂಸಿ ನೋಡಿದ" ಎಂದಿತು ಹಲಗೆ. "ಪೇಡಾ! ತಿಂದು ಹತ್ತು ನಿಮಿಷವೂ ಆಗಿಲ್ಲ."

ಕಾಮಾಕ್ಷಮ್ಮ ಗಂಡನ ಬಾಯನ್ನೇ ದಿಟ್ಟಿಸಿದರು.

"ಕೆಟ್ಟ ಕತೆ" ಎಂದು ಶೇಷಾಚಲಯ್ಯ ಗಾಬರಿಯಲ್ಲಿ ಪುಟ ಹಿಂದಕ್ಕೆ ತಿರುಗಿಸಲು ಹೋದರು. ಬೆರಳು ಮತ್ತೆ ನಾಲಿಗೆಗೆ ಹೋಗಿ ಬಂತು. ಹೆಣ ಎದ್ದು ಕುಳಿತು, "ಇನ್ನೊಂದು ಇದ್ರೆ ಕೊಡಿ" ಎಂದು ಕೈ ಚಾಚಿತು. ತ್ರಯಂಬಕ ಹಲಗೆ ಆರಿಸಲು ಗುಂಡಿ ಒತ್ತಿದ. ಅದು ಇನ್ನೂ ಗಟ್ಟಿಯಾಗಿ ಓದತೊಡಗಿತು: "ಬೆರಳಿನಲ್ಲಿ ಹಳೇ ಕಾಗದದ ಧೂಳು. ಜೊತೆಗೆ ನುಸಿಗುಳಿಗೆಯ ವಾಸನೆ. ಇನ್‌ಸ್ಪೆಕ್ಟರ್ ಮುಗುಳ್ನಕ್ಕ. ಮಾಲು ಇರುವುದು ಪುಸ್ತಕದ ಕಪಾಟಿನಲ್ಲಿ!"

ಇನ್‌ಸ್ಪೆಕ್ಟರಿಗಿಂತ ಮೊದಲು ಕಾಮಾಕ್ಷಮ್ಮ ಅಲ್ಲಿದ್ದರು. ಹದಿನೇಳು ಸಂಪುಟಗಳು ದಬದಬನೆ ನೆಲಕ್ಕೆ ಬಿದ್ದವು.

"ಎರಡು ವರ್ಷದಿಂದ ನಿಮಗೋಸ್ಕರ ನಾನೂ ಸಪ್ಪೆ ಕಾಫಿ ಕುಡೀತಿದೀನಲ್ರೀ" ಎಂದರು ಡಬ್ಬಿ ಹಿಡಿದು. ಬೈದಿದ್ದರೆ ಶೇಷಾಚಲಯ್ಯ ತಡೆದುಕೊಳ್ಳುತ್ತಿದ್ದರು. ಇದನ್ನು ಕೇಳಿ ನಾಚಿಕೆಯಿಂದ ತಲೆ ತಗ್ಗಿಸಿದರು.

ನಾಲ್ಕು ಗಂಟೆಗೆ ರದ್ದಿಯವನು ಬಂದ. ಕಾಮಾಕ್ಷಮ್ಮ ಅವನನ್ನು ಬರಿಗೈಯಲ್ಲಿ ಕಳಿಸಿದರು, ಯಾಕೆಂದರೆ ಅಷ್ಟರಲ್ಲಿ ಹಲಗೆಗೆ ಪೇಡಾದ ರುಚಿ ಹತ್ತಿಬಿಟ್ಟಿತ್ತು. ನಾಲ್ಕು ಸಾವಿರ ಪುಸ್ತಕಗಳಲ್ಲಿ ಯಾವುದನ್ನು ತೆಗೆದರೂ, ಪಂಚಾಂಗವಾಗಲಿ ರೈಲ್ವೆ ವೇಳಾಪಟ್ಟಿಯಾಗಲಿ, ಎರಡನೇ ಸಾಲಿಗೆ ಇನ್‌ಸ್ಪೆಕ್ಟರ್ ಬಂದು "ಪೇಡಾ ಎಲ್ಲಿ?" ಎಂದು ಕೇಳುತ್ತಿದ್ದ. ಓದುವುದಕ್ಕೆ ಕಾಗದದ ಪುಸ್ತಕಗಳೇ ಗತಿಯಾದವು.

ಹಾಗಾಗಿ ಶೇಷಾಚಲಯ್ಯನವರ ಕಪಾಟು ಉಳಿಯಿತು. ಪುಸ್ತಕಗಳನ್ನು ಮಾತ್ರ ಈಗ ಕಪಾಟಿನ ಹಿಂಬದಿಗೆ ಒತ್ತಿ ಜೋಡಿಸಲಾಗಿದೆ, ಮಧ್ಯೆ ಒಂದು ಬೆಂಕಿಕಡ್ಡಿಯೂ ತೂರುವುದಿಲ್ಲ. ಪ್ರತಿದಿನ ಎರಡು ಹೊತ್ತೂ ಅವರು ನಾಲಿಗೆಗೆ ಬೆರಳು ಮುಟ್ಟಿಸಿ ಹೆಂಡತಿಯ ಎದುರು ತ್ರಯಂಬಕನ ಹಲಗೆಯಲ್ಲಿ ಒಂದು ಪುಟ ತಿರುಗಿಸಬೇಕು. "ಇವತ್ತು ಇಲ್ಲ" ಎಂದು ಇನ್‌ಸ್ಪೆಕ್ಟರ್ ಹೇಳಿದ ಮೇಲೆಯೇ ಕಾಫಿ.

ಬಂಗಲೆಯಲ್ಲಿ ಆ ಕೊಲೆ ಮಾಡಿದವರು ಯಾರೆಂದು ಈವರೆಗೆ ಯಾರೂ ಕೇಳಿಲ್ಲ.