ಬೆಳ್ಳಿ ಗಾಲಿಯ ಗಾಡಿ

ಭಗವಂತನು ಈ ಸೃಷ್ಟಿಗೆ ಬಣ್ಣ ಬಳಿಯುವ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಉಳಿದದ್ದನ್ನು ಸಿಂಧನೂರಿನಲ್ಲಿರುವ ನಮ್ಮ ಭಾವನವರಿಗೆ ವಹಿಸಿದ್ದಾನೆಂದು ನಾನು ಬಹುಕಾಲ ನಂಬಿದ್ದೆ. ಭಾವನವರಂತೂ ಅದನ್ನು ಎಂದೂ ಸಂಶಯಿಸಿದವರಲ್ಲ!

ಅವರು ನನ್ನ ಅಕ್ಕನ ಯಜಮಾನರು. ವೃತ್ತಿಯಿಂದ ಬಣ್ಣಗಾರರಲ್ಲ, ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಆದರೆ ಓಣಿಯಲ್ಲಿ ಯಾರ ಮನೆಗೆ ಬಣ್ಣವಾದರೂ ಡಬ್ಬಿಯ ತಳದಲ್ಲಿ ಉಳಿದದ್ದು ಇವರ ಅಂಗಳಕ್ಕೆ ಬಂದು ಸೇರುತ್ತಿತ್ತು. “ತಾಟಿನಾಗಿನ ಅನ್ನ, ಡಬ್ಬ್ಯಾಗಿನ ಬಣ್ಣ, ಎರಡೂ ಚೆಲ್ಲಬಾರದು” ಎಂಬುದು ಅವರ ಸಿದ್ಧಾಂತ. ಇದು ಯಾವ ಶಾಸ್ತ್ರದಲ್ಲಿದೆಯೆಂದು ನಾನೊಮ್ಮೆ ಕೇಳಿದೆ. ಶಾಸ್ತ್ರ ಬರೆದವರ ಮನೆಯಲ್ಲಿ ಬರೀ ಸುಣ್ಣವಿತ್ತು, ಬಣ್ಣವೆಲ್ಲಿತ್ತು ಎಂದು ನನ್ನ ಬಾಯಿ ಮುಚ್ಚಿಸಿದರು.

ಹೀಗಾಗಿ ಆ ಮನೆಯಲ್ಲಿ ಸ್ಥಿರವಾಗಿ ನಿಂತ ವಸ್ತುವಿಗೆ ಕ್ಷೇಮವಿರಲಿಲ್ಲ. ಮಂಚದ ಕಾಲು, ಛತ್ರಿಯ ಹಿಡಿ, ಈಳಿಗೆಯ ಮಣೆ, ಎಲ್ಲಕ್ಕೂ ದೀಕ್ಷೆಯಾಗಿತ್ತು. ಒಮ್ಮೆ ನಾನು ಮಸ್ಕಿಯಿಂದ ಹೋದವನು ಊಟ ಮಾಡಿ ಕೊಂಚ ಅಡ್ಡಾದೆ. ಎದ್ದು ನೋಡಿದರೆ ನನ್ನ ಊರುಗೋಲು ಗಿಳಿಹಸಿರಾಗಿ ಬಿಸಿಲಿಗೆ ಒಣಗುತ್ತಿದೆ! ಸಂಜೆ ಅದನ್ನೇ ಊರಿಕೊಂಡು ಮಠಕ್ಕೆ ಹೋದೆ. ಪುರಾಣ ಹೇಳುತ್ತಿದ್ದ ಆಚಾರ್ಯರು ಶುಕಮುನಿಯ ಪ್ರಸಂಗದಲ್ಲಿದ್ದರು. ನನ್ನ ಕೋಲನ್ನು ನೋಡಿ ಒಂದು ಕ್ಷಣ ಶ್ಲೋಕವನ್ನೇ ಮರೆತರು.

ಅಕ್ಕನಿಗೆ ಇದರಿಂದ ಒಂದು ನಿತ್ಯಕರ್ಮ ಹೆಚ್ಚಾಗಿತ್ತು. ಭಾವನವರು ಊಟಕ್ಕೆ ಕೂರುವ ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಎದುರಿಗೆ ಕೂರುವಳು. “ಎಷ್ಟ್ ಸಲ ಹೇಳ್ಬೇಕ್ರಿ ನಿಮಗ? ತರ್ರಿ ಕೈ” ಎಂದು ಒಂದೊಂದೇ ಬೆರಳನ್ನು ಒರೆಸುವಳು. ಭಾವನವರು ಸಂಧ್ಯಾವಂದನೆಗೆ ಕುಳಿತವರ ಹಾಗೆ ಕಣ್ಣು ಮುಚ್ಚಿ ಕೈ ಚಾಚಿರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆರಂಭವಾದ ಈ ವಿಧಿ ಮೊಮ್ಮಕ್ಕಳ ಕಾಲದವರೆಗೂ ಲೋಪವಿಲ್ಲದೆ ನಡೆದು ಬಂತು.

ನಿವೃತ್ತರಾದ ಮೇಲೆ ಅವರು ಒಂದು ಹಳೆಯ ಕಾರು ಕೊಂಡರು. ಅದಕ್ಕಿದ್ದದ್ದು ಅಲಾಯ್ ಗಾಲಿ. ಕಬ್ಬಿಣದ್ದಲ್ಲ, ಹಗುರವಾದ, ಥಳಥಳಿಸುವ ಲೋಹದ್ದು. ಅಕ್ಕ ಆರತಿಯ ತಟ್ಟೆ ಹಿಡಿದು ಬಂದವಳು ಗಾಲಿಗೆ ಕುಂಕುಮ ಹಚ್ಚುತ್ತ, “ಬೆಳ್ಳಿ ತಾಟ ಇದ್ದಂಗ ಅದಾವಲ್ರಿ. ಇವಕ್ಕೊಂದು ಕೈ ಹಚ್ಚಬ್ಯಾಡ್ರಿ” ಎಂದಳು. ಭಾವನವರು ದೇವರಾಣೆಗೂ ಹಚ್ಚುವುದಿಲ್ಲವೆಂದರು.

ಒಂದು ವರ್ಷ ಹಚ್ಚಲಿಲ್ಲ. ಆಮೇಲೆ ಯಾರದೋ ಟ್ರ್ಯಾಕ್ಟರಿಗೆ ಬಳಿದು ಮಿಕ್ಕ ನೀಲಿ ಬಂತು. ಗಾಲಿಗಳು ನೀಲಿಯಾದವು. ಗೊರೇಬಾಳದ ರೈತನೊಬ್ಬ ಗದ್ದೆಯ ಬದುವಿನಲ್ಲಿ ನಿಂತು, ಇದಕ್ಕೆ ನೇಗಿಲು ಎಲ್ಲಿ ಕಟ್ಟುತ್ತೀರೆಂದು ಗಂಭೀರವಾಗಿ ಕೇಳಿದನಂತೆ. ಮುಂದೆ ಅಡುಗೆಮನೆಯ ಕಿಟಕಿ ಸರಳಿಗೆ ಹಚ್ಚಿ ಉಳಿದ ಕೆಂಪು ಬಂತು. ಕೊನೆಗೆ ಓಣಿಯ ದರ್ಗಾದ ಬಾಗಿಲಿಗೆ ಬಳಿದ ಹಸಿರು. ಆ ವರ್ಷ ಮುಕ್ಕುಂದದ ದಾರಿಯಲ್ಲಿ ಇಬ್ಬರು ಮುದುಕರು ಗಾಡಿಯನ್ನು ಕಂಡು ಸಲಾಮು ಮಾಡಿದರು. ಭಾವನವರು ಗಾಡಿ ನಿಲ್ಲಿಸಿ, ಇಳಿದು, ಮರುಸಲಾಮು ಮಾಡಿ ಬಂದರು!

ಇಷ್ಟು ಹೊತ್ತು ನಕ್ಕದ್ದು ಸಾಕು. ಈ ಗಾಲಿಗಳ ಬಣ್ಣವನ್ನು ಅವರೇ ಕೆರೆದು ತೆಗೆಯಬೇಕಾಗಿ ಬಂದ ಕಥೆಯನ್ನು ಈಗ ಹೇಳಬೇಕು.

ಅಕ್ಕನ ನೆನಪು ಕರಗತೊಡಗಿತು. ಮೊದಲು ಹೆಸರುಗಳು ಹೋದವು. ಅದರಲ್ಲಿ ನನ್ನದೂ ಒಂದು. ಹಾಲಿಗೆ ಒಗ್ಗರಣೆ ಹಾಕಿದಳು. ಒಂದು ದಿನ ನನಗೆ, “ಕೂಡ್ರಿ ಮಾಸ್ತರ, ನಮ್ಮ ತಮ್ಮ ಬರೂ ಹೊತ್ತಾತು” ಎಂದಳು. ನಾನು ಕುಳಿತು, ಅವಳ ಜೊತೆ ನನ್ನ ದಾರಿಯನ್ನೇ ಕಾಯ್ದೆ. ಭಾವನವರನ್ನು ಮಾತ್ರ ಅವಳು ಮರೆತಿರಲಿಲ್ಲ. ಬಟ್ಟೆ ಹಿಡಿದು ಎದುರಿಗೆ ಕೂರುವುದೂ ತಪ್ಪಿರಲಿಲ್ಲ.

ಬರಬರುತ್ತ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಲಿಂಗಸುಗೂರಿನ ಡಾಕ್ಟರು, ಒಮ್ಮೆ ಕಣ್ಣಾರೆ ನೋಡದೆ ಔಷಧ ಬದಲಿಸಲಾರೆ, ತಡ ಮಾಡಬೇಡಿ ಎಂದರು. ಆದರೆ ಅವಳು ಗಾಡಿ ಹತ್ತುತ್ತಿರಲಿಲ್ಲ. ಬಾಗಿಲವರೆಗೆ ಬಂದು ಹಸಿರು ಗಾಲಿಗಳನ್ನು ನೋಡಿ, “ಇದು ಮಂದಿ ಗಾಡಿ. ನಮ್ಮದು ಬೆಳ್ಳಿ ಗಾಲಿದು” ಎಂದು ಹಿಂದೆ ಸರಿಯುವಳು. ಒತ್ತಾಯ ಮಾಡಿದರೆ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಅಳುವಳು. ಬಾಡಿಗೆ ಗಾಡಿಯಂತೂ ಆಗದ ಮಾತು. ಒಲ್ಲೆನೆಂದು ಅಳುವವಳನ್ನು ಎತ್ತಿ ಕೂರಿಸುವ ಮನಸ್ಸು ಯಾರಿಗಿತ್ತು?

ಭಾವನವರು ಹಿತ್ತಲಿಗೆ ಹೋಗಿ ಗಾಡಿ ಎತ್ತುವ ಜ್ಯಾಕು ತಂದರು.

ಬಣ್ಣ ಹಚ್ಚುವುದಷ್ಟೇ ಬಲ್ಲವರಿಗೆ ತೆಗೆಯುವ ವಿದ್ಯೆ ಎಲ್ಲಿಂದ ಬರಬೇಕು? ಹಿತ್ತಾಳೆಯ ಕೊಡಕ್ಕೆ ಒಪ್ಪಿದ್ದು ಇದಕ್ಕೂ ಒಪ್ಪೀತೆಂದು, ಬಿಚ್ಚಿದ ಗಾಲಿಗೆ ಹುಣಸೆಹಣ್ಣು ಬೂದಿ ಹಾಕಿ ಹೊತ್ತು ಮುಳುಗುವವರೆಗೆ ತಿಕ್ಕಿದರು. ಹಸಿರು ಇನ್ನಷ್ಟು ಹೊಳೆಯಿತು! ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ದರ್ಶನಕ್ಕೆ ಬಂದವು.

ಮರುದಿನ ನನ್ನನ್ನೂ ಕರೆದುಕೊಂಡು ಬಣ್ಣದ ಅಂಗಡಿಗೆ ಹೋದರು. ಅಂಗಡಿಯ ಸಾಹೇಬರು ಇವರ ಹಳೆಯ ಸ್ನೇಹಿತರು. ಬಣ್ಣ ತೆಗೆಯುವ ಔಷಧ ಬೇಕೆಂದಾಗ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

“ಏನ್ರಿ ಕಾಕಾ, ನೀವು ಬಣ್ಣ ತೆಗ್ಯಾಕ ಬಂದೀರಿ? ಲೋಕ ಮುಳುಗೂ ಕಯಾಮತ್ ಬಂತೇನ್ರಿ?”

“ನಮ್ಮ ಮನಿಗೆ ಬಂದೈತಪಾ” ಎಂದರು ಭಾವನವರು.

ಸಾಹೇಬರು ಮತ್ತೆ ನಗಲಿಲ್ಲ. ರಿಮೂವರಿನ ಡಬ್ಬಿ ಕೊಟ್ಟು, ಕೈಗವಸು ಹಾಕಿಕೊಳ್ಳಿ, ಇದು ಚರ್ಮ ಸುಡುತ್ತದೆ, ಕಬ್ಬಿಣದಿಂದ ಕೆರೆದರೆ ಗಾಲಿಗೆ ಗೀರು ಬೀಳುತ್ತದೆ ಎಂದು ಎರಡೆರಡು ಸಲ ಹೇಳಿದರು.

ಕಬ್ಬಿಣದ ಮಾತನ್ನು ಭಾವನವರು ಪಾಲಿಸಿದರು. ತೆಂಗಿನ ಚಿಪ್ಪಿನಿಂದ ಕೆರೆದರು. ಕೈಗವಸಿನ ಮಾತನ್ನು ಬಿಟ್ಟರು. ಔಷಧ ಹಚ್ಚಿದ ಸ್ವಲ್ಪ ಹೊತ್ತಿಗೆ ಹಸಿರು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿ ಎದ್ದಿತು. ಅದರ ಅಡಿಯಿಂದ ಕೆಂಪು ಇಣುಕಿತು. ದೂರದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿದ್ದ ಅಕ್ಕ ತಟ್ಟನೆ, “ಅಡಗಿಮನಿ ಕಿಟಕಿ ಬಣ್ಣ” ಎಂದಳು. ಭಾವನವರು ಚಿಪ್ಪನ್ನು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವಳ ಮುಖವನ್ನು ನೋಡಿದರು. ಆಮೇಲೆ ಅವರು ಕೆರೆದ ಭರವನ್ನು ಏನೆಂದು ವರ್ಣಿಸಲಿ! ಕೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಅವರಿಬ್ಬರೂ ನಗುತ್ತಿದ್ದ ಒಂದು ವರ್ಷ. ಅಲ್ಲಿಗೆ ಹೋಗಿ ಮುಟ್ಟಿಯೇ ತೀರುತ್ತೇನೆಂಬಂತಿತ್ತು ಅವರ ಆತುರ.

ನಾಲ್ಕು ಗಾಲಿಗಳೂ ಮುಗಿಯುವವರೆಗೆ ನಾನು ಅಲ್ಲೇ ಉಳಿದೆ. ಔಷಧದ ಘಾಟು ಅಕ್ಕನಿಗೆ ಆಗದೆಂದು ಭಾವನವರು ಆ ದಿನಗಳಲ್ಲಿ ಅವಳ ಹತ್ತಿರವೇ ಸುಳಿಯಲಿಲ್ಲ. ಉಂಡರೆ ಹಿತ್ತಲಿನಲ್ಲಿಯೇ ಉಂಡರು. ಅವಳಿಗೆ ನಾಲ್ಕು ತುತ್ತು ಉಣಿಸುವ ಪುಣ್ಯ ನನ್ನ ಪಾಲಿಗೆ ಬಂತು.

ಗಾಲಿಗಳು ತೊಳೆದ ಬೆಳ್ಳಿಯಾದವು. ಬೆಳಿಗ್ಗೆ ಪೂಜೆ ಮುಗಿಸಿ ನಾನು ಅಕ್ಕನನ್ನು ಕೈಹಿಡಿದು ಹೊರಗೆ ಕರೆತಂದೆ. ಅವಳು ಬಗ್ಗಿ ಗಾಲಿಯನ್ನು ಸವರಿದಳು. “ನಮ್ಮ ಗಾಡಿ ಬಂತು” ಎಂದು ತಾನೇ ಬಾಗಿಲು ತೆಗೆದು ಕುಳಿತಳು. ಭಾವನವರು ಒಳಗಿನ ದೇವರ ದಿಕ್ಕಿಗೆ ಒಮ್ಮೆ ಕೈ ಮುಗಿದು, ತಮ್ಮ ಜಾಗದಲ್ಲಿ ಕುಳಿತು ಗಾಡಿ ಚಾಲೂ ಮಾಡಿದರು.

“ತಡೀಪಾ ಡ್ರೈವರಾ” ಎಂದಳು ಅಕ್ಕ. “ನಮ್ಮ ಮನ್ಯಾರು ಬರ್ಲಿ.”

ಭಾವನವರು ತಿರುಗಿ ನೋಡಿದರು. “ನಾನ ಅಲ್ಲೇನ ನಿಮ್ಮ ಮನ್ಯಾರು?”

ಅವಳು ಸ್ಟೀರಿಂಗಿನ ಮೇಲಿದ್ದ ಅವರ ಕೈಗಳನ್ನು ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಔಷಧವು ಗಾಲಿಯ ಬಣ್ಣದೊಡನೆ ಆ ಕೈಗಳ ಬಣ್ಣವನ್ನೂ ತಿಂದಿತ್ತು. ಉಗುರಿನ ಸಂದಿಯಲ್ಲಿಯೂ ಒಂದು ಚುಕ್ಕೆ ಉಳಿದಿರಲಿಲ್ಲ. ಚರ್ಮ ಸುಲಿದ, ಯಾರದೋ ಕೈಗಳಂತಿದ್ದ ಕೈಗಳು.

“ಅಲ್ಲ” ಎಂದಳು ಅಕ್ಕ, ಮರ್ಯಾದೆಯಿಂದಲೇ. “ಅವರು ಎಲ್ಲ್ಯಾರ ಬಣ್ಣ ಹಚ್ಚಾಕತ್ತಿರ್ತಾರ. ಅವರಿಲ್ಲದ ನಾ ಎಲ್ಲೂ ಹೋಗಂಗಿಲ್ಲ.”

ಭಾವನವರು ಇಳಿದು ಹಿತ್ತಲಿಗೆ ಹೋದರು. ಎಲ್ಲಿಯೋ ಕುಳಿತು ಅಳುತ್ತಿರುವರೆಂದು ನಾನು ಎಣಿಸಿದೆ. ಆದರೆ ಅವರು ಬಂದರು. ಈ ಸಲ ಅಕ್ಕನ ಬಾಗಿಲಿನ ಕಡೆಯಿಂದ ಬಂದು ಕಿಟಕಿಯೊಳಗೆ ಬಲಗೈ ಚಾಚಿದರು. ತೋರುಬೆರಳಿನ ತುದಿಯಲ್ಲಿ ಹಸಿ ನೀಲಿ ಬಣ್ಣ.

ಅಕ್ಕನ ಹುಬ್ಬು ಗಂಟಿಕ್ಕಿತು. “ಎಷ್ಟ್ ಸಲ ಹೇಳ್ಬೇಕ್ರಿ ನಿಮಗ? ತರ್ರಿ ಕೈ.”

ಸೆರಗಿನ ತುದಿಯಿಂದ ಆ ಬೆರಳನ್ನು ಒರೆಸಿದಳು. ಬಣ್ಣವಿಲ್ಲದ ಉಳಿದ ಬೆರಳುಗಳನ್ನೂ ಒಂದೊಂದಾಗಿ ಒರೆಸಿದಳು. ಭಾವನವರು ಬೀದಿಯಲ್ಲಿ ಬಾಗಿ ನಿಂತು, ಕಣ್ಣು ಮುಚ್ಚಿ ಕೈ ಚಾಚಿಯೇ ಇದ್ದರು. ಆಮೇಲೆ ಅವಳು, “ಹೂಂ, ಈಗ ನಡೀರಿ” ಎಂದಳು. ಗಾಡಿ ಲಿಂಗಸುಗೂರಿನ ಕಡೆಗೆ ಹೊರಟಿತು.

ಈಗ ಭಾವನವರು ಯಾವುದಕ್ಕೂ ಬಣ್ಣ ಬಳಿಯುವುದಿಲ್ಲ. ಆ ನೀಲಿ ಡಬ್ಬಿಯೂ ಒಣಗಿತು. ಅದಕ್ಕೇ, ತಾನಾಗಿ ಬಂದದ್ದನ್ನಷ್ಟೇ ಇರಿಸಿಕೊಳ್ಳುತ್ತಿದ್ದವರು ಈಚೆಗೆ ಓಣಿಯ ಮನೆಮನೆಯ ಬಾಗಿಲಿಗೆ ತಾವೇ ಹೋಗಿ ನಿಲ್ಲುತ್ತಾರೆ.

“ಬಣ್ಣ ಉಳಿದಿದ್ರ ಕೊಡ್ರಿ. ಭಾಳ ಬ್ಯಾಡ, ಒಂದು ಬೆರಳಿಗೆ ಆಗೂವಷ್ಟು ಸಾಕು.”