ಮಾವನ ಹೊಟ್ಟೆನೋವು

ಕಾಯಿಲೆ ಬಂದವರು ಆಸ್ಪತ್ರೆಗೆ ಹೋಗುತ್ತಾರೆ. ನಮ್ಮ ಸೋದರಮಾವ ಮಾತ್ರ ಆಸ್ಪತ್ರೆಗೆ ಹೋಗಬೇಕೆಂದೇ ಕಾಯಿಲೆ ಬರಿಸಿಕೊಂಡರು! ಅದೂ ಎಲ್ಲಿಯ ಆಸ್ಪತ್ರೆಗೆ? ಒಮ್ಮೆ ಮದರಾಸಿನದಕ್ಕೆ, ಇನ್ನೊಮ್ಮೆ ಬೊಂಬಾಯಿಯದಕ್ಕೆ. ಇದಕ್ಕೆಲ್ಲ ಕಾರಣ ನಾನು.

ಪರೀಕ್ಷೆ ಪಾಸಾದವನು ಡಾಕ್ಟರಿಕೆ ಓದುತ್ತೇನೆ ಎಂದೆ. ಆಗ ನಮ್ಮ ಮೈಸೂರು ಸೀಮೆಯಲ್ಲಿ ಅದನ್ನು ಕಲಿಸುವ ಕಾಲೇಜಿರಲಿಲ್ಲ. ಮದರಾಸಿಗೆ ಹೋಗಬೇಕು, ಇಲ್ಲವೇ ಬೊಂಬಾಯಿಗೆ. ಚನ್ನಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪ, "ಮದರಾಸೇ ಸರಿ, ಹತ್ರ" ಎಂದರು. ಅಷ್ಟರಲ್ಲಿ ಅಕ್ಕೂರಿನಿಂದ ಮಾವ ಬಂದರು. ಅಮ್ಮನ ಅಣ್ಣ, ಊರಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಅತ್ತೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಾಗಾಗಿ ನಮ್ಮ ಮನೆಯ ಯಾವ ವಿಷಯವೂ ಅವರ ತೀರ್ಪಿಲ್ಲದೆ ಮುಂದೆ ಹೋಗುತ್ತಿರಲಿಲ್ಲ.

"ಏನ್ ಬಾವ, ಹೆಣ್ ಕೊಡೋಕ್ ಮುಂಚೆ ಮನೆ ನೋಡ್ಕಂಬರಾಕಿಲ್ವಾ? ಹೈದನ್ನ ಸುಮ್ಕೆ ಕಳ್ಸ್‌ಬುಡಾದಾ?"

"ಅಲ್ಲಿ ನೋಡಾದೇನೈತೆ ಬಾವ? ಕಟ್ಟಡ."

"ಕಟ್ಟಡ ಯಾವನಿಗ್ ಬೇಕು? ಕಾಯ್ಲೆ ಬಿದ್ದೋನ್ನ ಹೆಂಗ್ ನೋಡ್ಕತ್ತಾರೆ, ಅದನ್ನ ನೋಡ್ಬೇಕು. ಅದ್ಕೇ ನಾನೇ ಕಾಯ್ಲೆ ಬೀಳ್ತೀನಿ!"

ಮಾವನ ಮೈಕಟ್ಟೋ, ಸಾವನದುರ್ಗಕ್ಕೆ ಪಂಚೆ ಉಡಿಸಿದ ಹಾಗೆ. ಅಂಥವರಿಗೆ ಯಾವ ಕಾಯಿಲೆ ಒಪ್ಪೀತು? ಜ್ವರವೆಂದರೆ ಮೈ ಮುಟ್ಟಿ ನೋಡಿಬಿಡುತ್ತಾರೆ. ಕೆಮ್ಮನ್ನು ನಡುಮನೆಯಲ್ಲಿ ಅಭ್ಯಾಸ ಮಾಡಿದರು; ಆ ಸದ್ದಿಗೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ಓಡಿತು. ಕೊನೆಗೆ ಹೊಟ್ಟೆನೋವೇ ಸರಿ ಎಂದು ತೀರ್ಮಾನವಾಯಿತು. ಹೊಟ್ಟೆನೋವು ಸುಳ್ಳೆಂದು ಹೇಳಬಲ್ಲ ಡಾಕ್ಟರು ಇನ್ನೂ ಹುಟ್ಟಿಲ್ಲವಂತೆ!

ಮದರಾಸಿನಿಂದ ಮಾವ ಸೊರಗಿ, ಸಿಟ್ಟಾಗಿ ಬಂದರು.

"ಡಾಕ್ಟ್ರಿಕೆ ಓದೋ ಹೈದ ಒಬ್ಬ ಬಂದ. ನನ್ ಮಕ ಕೂಡ ನೋಡ್ನಿಲ್ಲ. 'ನಾಕ್ಕೆ ನೀಟು' ಅಂದ. ನನ್ ನಾಲ್ಗೆ ನೀಟಾಗೇ ಐತೆ ಕಣಪ್ಪಾ, ಬೆಳಿಗ್ಗೆನೇ ಉಜ್ಜಿವ್ನಿ ಅಂದೆ. ನೀಟು, ನೀಟು ಅಂತ ಒಂದೇ ಸಮ ಕಿರುಚ್ದ!"

ತಮಿಳು ವರ್ತಕರೊಡನೆ ಏಗಿದ್ದ ಅಪ್ಪ ನಕ್ಕುಬಿಟ್ಟರು. "ನಾಲ್ಗೆ ಚಾಚು ಅಂದವ್ನೆ ಬಾವ!"

"ಹಂಗಾದ್ರೆ ತಾನೇ ಒಂದ್ಕಿತ ಚಾಚಿ ತೋರುಸ್ಬಾರ್ದಾ?"

ಸಾಲದ್ದಕ್ಕೆ ಅದೇನೋ ಭೇದಿಯ ಔಷಧಿ ಕುಡಿಸಿದ್ದರಂತೆ. ರೈಲು ಜೋಲಾರಪೇಟೆ ಮುಟ್ಟುವಷ್ಟರಲ್ಲಿ ಸುಳ್ಳು ಹೊಟ್ಟೆನೋವು ನಿಜವಾಗಿತ್ತು!

ಮೈಯಲ್ಲಿ ಕಸುವು ಬಂದ ಮೇಲೆ ಬೊಂಬಾಯಿಗೆ ಹೊರಟರು. ಮಾಗಡಿಗೆ ಹೋಗಿಬಂದರೂ ವಾರಗಟ್ಟಲೆ ಕಥೆ ಹೇಳುವ ಮನುಷ್ಯ, ಅಲ್ಲಿಂದ ಬಂದವರು ಕಾಲು ತೊಳೆದುಕೊಂಡು ಒಂದೇ ಮಾತು ಹೇಳಿದರು: "ಬೊಂಬಾಯ್ಗೇ ಕಳ್ಸಿ."

ಮನೆಯಲ್ಲಿ ಗದ್ದಲವೆದ್ದಿತು. ಅಲ್ಲಿ ಪ್ಲೇಗು ಎಂದರು ಅಪ್ಪ. "ಅಣ್ಣಾ, ಅಲ್ಲಿ ಮುದ್ದೆ ಸಿಕ್ಕಾದಾ?" ಎಂದಳು ಅಮ್ಮ.

"ಮುದ್ದೆ ತಿನ್ನಾಕೆ ಡಾಕ್ಟ್ರಾಗ್ಬೇಕೇನವ್ವಾ?"

"ಅವರ ಭಾಷೆನಾದ್ರೂ ತಿಳಿದದಾ ಬಾವ?" ಎಂದು ಅಪ್ಪ ಪಟ್ಟು ಹಿಡಿದರು.

"ನಂಗೇ ತಿಳೀತು!"

ಮಾವನಿಗೆ ಮರಾಠಿಯೇ! ನಾವು ಮುಖ ಮುಖ ನೋಡಿಕೊಂಡೆವು. ಅಪ್ಪ ಒಪ್ಪದಿದ್ದಾಗ ಮಾವ ಜಗಲಿಯ ಮೇಲೆ ಉಪವಾಸ ಕುಳಿತರು. ಮಧ್ಯಾಹ್ನದ ಊಟಕ್ಕೆ ಅವರು ಏಳದಿದ್ದುದನ್ನು ಕಂಡು ಅಮ್ಮ ಅಳತೊಡಗಿದಳು. ಸಂಜೆಗೆ ಅಪ್ಪ ಸೋತರು.

ನನ್ನನ್ನು ರೈಲು ಹತ್ತಿಸಲು ಮಾವನೇ ಬಂದರು. "ಅಷ್ಟು ದೂರ ಯಾಕೆ ಕಳಿಸ್ತಿದ್ದೀರಿ ಮಾವ? ಅಲ್ಲೇನಾಯ್ತು?" ಎಂದು ಕೇಳಿದೆ. ಅವರು ಹಳಿಗಳ ಕಡೆ ನೋಡುತ್ತ ಹೇಳಿದರು:

"ಅಲ್ಲೂ ನಿನ್ನಂಗೆ ಓದೋ ಹೈದ ಒಬ್ಬ ಬಂದ ಕಣ್ಲಾ. ಪಕ್ಕದಾಗೇ ಕುಂತ್ಕಂಡ. ಹೊಟ್ಟೆ ಮ್ಯಾಲೆ ಮೆತ್ತಗೆ ಕೈ ಮಡಗಿ, 'ದುಖ್ತೆ ಕಾ?' ಅಂದ. ದುಃಖ ಐತಾ ಅಂತ ಕೇಳ್ದ ಕಣ್ಲಾ! ನಿಮ್ಮತ್ತೆ ಹೋದಾಗಿಂದ ನನ್ನ ಯಾರೂ ಹಂಗೆ ಕೇಳಿರ್ನಿಲ್ಲ. ಊಂ, ಐತೆ ಕಣಪ್ಪಾ ಅಂದೆ. ಒಸಿ ಅತ್ತೂಬುಟ್ಟೆ. ನಾನು ಅಳಾದು ನಿಲ್ಸೋಗಂಟ ಆ ಹೈದ ಕೈ ತಗೀನಿಲ್ಲ."

ಗಾಡಿ ಬಂತು, ಹತ್ತಿದೆ.

ಬೊಂಬಾಯಿಯಲ್ಲಿ ನಾನು ಮೊದಲು ಕಲಿತ ಮರಾಠಿ ಅದೇ. "ನೋಯುತ್ತದೆಯೇ?" ಎಂದಷ್ಟೇ ಅದರ ಅರ್ಥ. ಬಂದ ರೋಗಿಗಳನ್ನೆಲ್ಲ ಕೇಳುವ ಮಾತು.

ರಜೆಗೆ ಬಂದಾಗ ಅಕ್ಕೂರಿಗೆ ಹೋದೆ. ಮಾವ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ತಲೆಯೆತ್ತದೆಯೇ, "ಅಲ್ಲಿ ಈಗ್ಲೂ ಹಂಗೇ ಕೇಳ್ತಾರೇನ್ಲಾ?" ಎಂದರು.

"ಕೇಳ್ತಾರೆ ಮಾವ," ಎಂದೆ. "ನಾನೂ ಕೇಳ್ತೀನಿ."